ಓಲೆಯ ಕಟ್ಟು, ಚಿತ್ರದ ನೆಲೆ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿ ಬಂದ 'ಧವಲಾ' ಓಲೆಪ್ರತಿಗಳು ಎರಡು ಕಾರಣಗಳಿಂದ ಪ್ರಸಿದ್ಧವಾಗಿವೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯನು 9ನೆಯ ಶತಮಾನದಲ್ಲಿ ರಚಿಸಿದ ಟೀಕೆಯನ್ನು ಉಳಿಸಿಕೊಟ್ಟದ್ದು ಒಂದು. ಹೊಯ್ಸಳರ ಕಾಲದ, 12ನೆಯ ಶತಮಾನದ ಆದಿಭಾಗದ ವರ್ಣಚಿತ್ರಗಳನ್ನು ಒಳಗೊಂಡಿರುವುದು ಇನ್ನೊಂದು. ಭಾಷೆ ಪ್ರಾಕೃತ ಹಾಗೂ ಸಂಸ್ಕೃತ, ಲಿಪಿ ಹಳಗನ್ನಡ.

ಈ ಚಿತ್ರಗಳನ್ನು ಕುರಿತು ಕಲೆಯ ಇತಿಹಾಸಕಾರರು ಬರೆದಿದ್ದಾರೆ. ಓಲೆಯ ಕಟ್ಟಿನತ್ತ ಗಮನ ಹರಿದದ್ದು ಕಡಿಮೆ. ನಾವೂ ಇದಕ್ಕೆ ಹೊರತಲ್ಲ. ಹಿಂದೊಮ್ಮೆ ಓಲೆಗ್ರಂಥಗಳ ಸೂಚಿಯನ್ನು ಸಿದ್ಧಪಡಿಸುವಾಗ ಗರಿಗಳ ಸಂಖ್ಯೆ, ಅಳತೆ, ಪಂಕ್ತಿಗಳನ್ನು ದಾಖಲಿಸಿದೆವು. ದಾರದ ರಂಧ್ರಗಳ ಸ್ಥಾನವನ್ನು ಒಂದು ಕಡೆಯೂ ಗುರುತಿಸಲಿಲ್ಲ. ಈ ಕೊರತೆ ಅರಿವಿಗೆ ಬಂದದ್ದು ಕೈಯಿಂದ ಪುಸ್ತಕ ಕಟ್ಟುವುದನ್ನು ಕಲಿಯಲು ಕುಳಿತ ಮೇಲೆ.

ಕಾಗದದ ಹಾಳೆಗಳನ್ನು ಮಡಿಸಿ ಹೊಲಿಯುವಾಗ ದಾರವು ಮಡಿಕೆಯಲ್ಲಿ ಅಡಗುತ್ತದೆ; ಬರೆಹಕ್ಕೆ ಅದರ ಬಾಧೆಯಿಲ್ಲ. ಓಲೆಗೆ ಮಡಿಕೆಯಿಲ್ಲ. ದಾರವು ಗರಿಯ ಮೈಯನ್ನೇ ತೂರಿ ಹೋಗಬೇಕು. ಆದುದರಿಂದ ಲಿಪಿಕಾರನು ರಂಧ್ರಕ್ಕೆ ಎಡೆ ಬಿಟ್ಟು ಪಂಕ್ತಿಗಳನ್ನು ಹಂಚುತ್ತಾನೆ. ಚಿತ್ರಕಾರನಿಗೆ ದೊರೆಯುವುದು ಉಳಿದ ಕಿರಿದಾದ ಪಟ್ಟಿ. ಧವಲಾ ಪ್ರತಿಯ ಜಿನ, ಯಕ್ಷಿ, ಭಕ್ತರ ಆಕೃತಿಗಳು ನೆಲೆಗೊಂಡಿರುವುದು ಇಂಥ ಅಳತೆಯೊಳಗೆ. ಹೀಗೆ ಕಟ್ಟಿನ ನಿರ್ಧಾರವೇ ಚಿತ್ರದ ನೆಲೆಯನ್ನೂ ನಿರ್ಧರಿಸಿತು.

1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಮುದ್ರಣಗೊಂಡಿತು. ಪಠ್ಯವು ಎಲ್ಲರದಾಯಿತು. ರಂಧ್ರ, ಅಂಚು, ದಾರದ ಸವೆತಗಳು ಮಾತ್ರ ಮುದ್ರಣದಲ್ಲಿ ಬರಲಾರವು. ರಾಜ್ಯದ ಹೊರಗಿನ ಭಂಡಾರಗಳಲ್ಲಿ ಕನ್ನಡ ಓಲೆಗಳನ್ನು ಪರಿಶೀಲಿಸುವ ಸಂಶೋಧಕರು, ಹೊಸ ದಾರ ಪೋಣಿಸುವ ಮುನ್ನ, ಇವನ್ನು ದಾಖಲಿಸಬೇಕೆಂದು ನಮ್ಮ ವಿನಂತಿ. ನಾವು ಬಿಟ್ಟುದನ್ನು ಅವರು ಬಿಡಬಾರದು.