ಕಿಡಿಯ ತಪ್ಪೋ, ಪೆಟ್ರೋಲಿನ ತಪ್ಪೋ?

ಹಳೇ ಕಾರ್ಬುರೇಟರ್ ಗಾಡಿ ಕೆಮ್ಮೋಕೆ ಶುರು ಮಾಡಿದರೆ ನಮ್ಮ ಜನ ಮೊದಲು ಮಾಡೋ ಕೆಲಸ ಒಂದೇ. ಸ್ಕ್ರೂಡ್ರೈವರ್ ತಗೊಂಡು ಕಾರ್ಬುರೇಟರಿನ ಸ್ಕ್ರೂ ತಿರುಗಿಸೋದು. ಅರ್ಧ ಸುತ್ತು ಒಳಗೆ, ಒಂದು ಸುತ್ತು ಹೊರಗೆ, ಆಮೇಲೆ ಮೊದಲು ಎಲ್ಲಿತ್ತು ಅನ್ನೋದೇ ಮರೆತು ಹೋಗಿರುತ್ತೆ :) "ಪೆಟ್ರೋಲ್ ಸರಿಯಾಗಿ ಬರ್ತಿಲ್ಲ" ಅನ್ನೋ ತೀರ್ಪು ಗಾಡಿ ಸ್ಟ್ಯಾಂಡ್ ಹಾಕೋದಕ್ಕಿಂತ ಮುಂಚೆಯೇ ರೆಡಿ. ತಪ್ಪು ಕಿಡಿಯದ್ದೋ ಇಂಧನದ್ದೋ ಅನ್ನೋ ಈ ಜಗಳಕ್ಕೆ ನೂರು ವರ್ಷ ದಾಟಿದೆ. ಒಂದು ಸಲವಂತೂ ಈ ಜಗಳದ ಕೊನೆಯಲ್ಲಿ ಇಡೀ ಪ್ರಪಂಚದ ಗಾಳಿಯೇ ಕೆಟ್ಟಿತು. ಇವತ್ತು ಅದನ್ನೇ ಸ್ವಲ್ಪ ಕೊರೆಯೋಣ ಅಂತ.

ಮೊದಲು ಚೂರು ಎಂಜಿನಿಯರಿಂಗು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಆದ್ದರಿಂದ ನಿಮಗೆ ಅರ್ಥವಾಗೋ ಹಾಗೇ ಹೇಳ್ತೀನಿ, ಯಾಕಂದ್ರೆ ನನಗೆ ಅರ್ಥವಾಗಿದ್ದೂ ಹಾಗೇ. ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಮಿಶ್ರಣ ಪಟಾಕಿ ಥರ ಒಮ್ಮೆಲೇ ಸಿಡಿಯೋದಿಲ್ಲ. ಪ್ಲಗ್ಗಿನ ಹತ್ತಿರ ಹೊತ್ತಿಕೊಂಡು, ಒಣಹುಲ್ಲಿಗೆ ಬೆಂಕಿ ಬಿದ್ದ ಹಾಗೆ ಹರಡುತ್ತಾ ಹೋಗುತ್ತೆ. ಅದಕ್ಕೆ ಸಮಯ ಬೇಕು. ನಿಮಿಷಕ್ಕೆ 3000 ಸುತ್ತು ತಿರುಗೋ ಎಂಜಿನ್ನಿನಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಉರಿ ಹರಡೋದಕ್ಕೆ 2 ಮಿಲಿಸೆಕೆಂಡ್ ಹಿಡಿದರೂ ಅಷ್ಟರಲ್ಲಿ ಕ್ರ್ಯಾಂಕು 36 ಡಿಗ್ರಿ ತಿರುಗಿಬಿಟ್ಟಿರುತ್ತೆ. ಅದಕ್ಕೇ ಪಿಸ್ಟನ್ ತುದಿ ಮುಟ್ಟೋ ಮೊದಲೇ ಕಿಡಿ ಹಾರಿಸಬೇಕು. ಎಷ್ಟು ಮೊದಲು ಅನ್ನೋದೇ ಟೈಮಿಂಗ್.

ಈಗ ತೊಡಕು ನೋಡಿ. ಪೆಟ್ರೋಲ್ ಕಮ್ಮಿ ಇರೋ ತೆಳು ಮಿಶ್ರಣ ನಿಧಾನವಾಗಿ ಉರಿಯುತ್ತೆ. ಅಂದ್ರೆ ಕಿಡಿ ಸರಿಯಾದ ಹೊತ್ತಿಗೇ ಬಂದರೂ ಉರಿ ತಡವಾಗಿ ಮುಗಿಯುತ್ತೆ. ಕಿಡಿಯೇ ತಡವಾದರೂ ಉರಿ ತಡ. ಎರಡರಲ್ಲೂ ಎಳೆತ ಕಮ್ಮಿ, ಎರಡರಲ್ಲೂ ಎಂಜಿನ್ ಕಾಯುತ್ತೆ. ಲಕ್ಷಣ ಒಂದೇ, ಕಾಯಿಲೆ ಬೇರೆ ಬೇರೆ. ಇಂಥ ಬಗ್ ಬಗ್ಗೆ ಸಾಫ್ಟ್‌ವೇರಿನವರಿಗೆ ಬಿಡಿಸಿ ಹೇಳೋದು ಬೇಕಿಲ್ಲ. ಎರಡು ಮಾಡ್ಯೂಲು, ಎರಡು ಟೀಮು, ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸ್ತಾರೆ...

ಆರಂಭದಲ್ಲಿ ಈ ತಲೆನೋವು ಡ್ರೈವರನದ್ದೇ ಆಗಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಸ್ಟೀರಿಂಗ್ ಕೆಳಗೆ ಎರಡು ಸನ್ನೆಗಳಿದ್ದವು: ಬಲಗಡೆಯದು ಥ್ರಾಟಲ್, ಎಡಗಡೆಯದು ಕಿಡಿಯ ಟೈಮಿಂಗ್. ಕಿವಿಯಿಂದ ಕೇಳುತ್ತಾ ಕೈಯಿಂದ ಹೊಂದಿಸಬೇಕು. ಹ್ಯಾಂಡಲ್ ತಿರುಗಿಸೋ ಹೊತ್ತಿನಲ್ಲಿ ಕಿಡಿ ಮುಂಚೆ ಬಂದರೆ ಹ್ಯಾಂಡಲ್ ತಿರುಗಿ ಒದ್ದು ಕೈ ಮುರೀತಿತ್ತು.

ಅದೇ ಕಾಲಕ್ಕೆ ಅಮೆರಿಕದ ಓಹಾಯೋದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅನ್ನೋ ಎಂಜಿನಿಯರ್ ಬ್ಯಾಟರಿ, ಕಾಯಿಲ್, ಪಾಯಿಂಟ್ ಇಟ್ಟು ಹೊಸ ಇಗ್ನಿಷನ್ ಮಾಡಿದ. 1910ರ ಕ್ಯಾಡಿಲಾಕ್ ಕಾರುಗಳಿಗೆ ಅದು ಹೋಯಿತು. 1912ರಲ್ಲಿ ಅವನದ್ದೇ ಸೆಲ್ಫ್ ಸ್ಟಾರ್ಟರ್ ಬಂತು. ಆಗ ಶುರುವಾಯಿತು ದೂರು: ಏರು ಹತ್ತುವಾಗ ಎಂಜಿನ್ ಒಳಗಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ ಕಟಕಟ ಸದ್ದು. ಎಲ್ಲರೂ ಬೈದಿದ್ದು ಹೊಸದಾಗಿ ಬಂದವನನ್ನೇ. ಕೆಟರಿಂಗನ ಕಿಡಿಯೇ ಸರಿಯಿಲ್ಲ ಅಂತ. ಟೈಮಿಂಗ್ ಹಿಂದಕ್ಕೆ ತಳ್ಳಿದರೆ ಸದ್ದು ಕಮ್ಮಿ ಆಗೋದೂ ನಿಜವೇ, ಆದರೆ ಜೊತೆಗೆ ಎಳೆತವೂ ಹೋಗುತ್ತೆ.

ಕೆಟರಿಂಗ್ ಸುಮ್ಮನೆ ಕೂರಲಿಲ್ಲ. 1916ರಲ್ಲಿ ತನ್ನಲ್ಲಿಗೆ ಕೆಲಸಕ್ಕೆ ಸೇರಿದ ಥಾಮಸ್ ಮಿಜ್ಲಿಗೆ ಈ ಸದ್ದಿನ ಬೆನ್ನು ಹತ್ತಲು ಹೇಳಿದ. ಮಿಜ್ಲಿ ಸಿಲಿಂಡರಿನೊಳಗಿನ ಒತ್ತಡವನ್ನು ಫೋಟೋದಲ್ಲಿ ಮೂಡಿಸೋ ಸಲಕರಣೆ ಮಾಡಿಕೊಂಡ. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗೋದು ಈ ಭಾಗ. ಊಹೆ ಬಿಟ್ಟು ಲಾಗ್ ತೆಗೆದು ನೋಡಿದ ಹಾಗೆ. ಕಿಡಿಗಿಂತ ಮುಂಚೆ ತಾನಾಗೇ ಹೊತ್ತಿಕೊಳ್ಳೋದೇ ಕಾರಣವಾಗಿದ್ದರೆ ಒತ್ತಡ ಕಿಡಿಗಿಂತ ಮೊದಲೇ ಏರಬೇಕಿತ್ತು. ಹಾಗಾಗಿರಲಿಲ್ಲ. ಕಿಡಿ ಬಂದು, ಉರಿ ಹರಡುತ್ತಾ, ಕೊನೆಯಲ್ಲಿ ಉಳಿದ ಮಿಶ್ರಣ ಒತ್ತಡ ತಾಳಲಾರದೆ ಒಮ್ಮೆಲೇ ಸಿಡೀತಿತ್ತು. ಅಂದ್ರೆ ಕಿಡಿ ನಿರ್ದೋಷಿ, ತಪ್ಪು ಇಂಧನದ್ದು.

ಪತ್ತೆ ಸರಿ. ಮದ್ದು?

ಮಿಜ್ಲಿ ಅಯೋಡಿನ್ನಿಂದ ಶುರು ಮಾಡಿ ಕಂಡಿದ್ದನ್ನೆಲ್ಲ ಬೆರೆಸಿ ನೋಡಿದ. ಆಲ್ಕೋಹಾಲ್ ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋದು ಅವನಿಗೆ ಗೊತ್ತಿತ್ತು. 1921ರ ಅಕ್ಟೋಬರಿನಲ್ಲಿ ಶೇಕಡ 30 ಆಲ್ಕೋಹಾಲ್ ಬೆರೆತ ಪೆಟ್ರೋಲಿನಲ್ಲಿ ಕಾರು ಓಡಿಸಿಕೊಂಡು ಎಂಜಿನಿಯರುಗಳ ಸಭೆಗೆ ಇಂಡಿಯಾನಾಪೊಲಿಸ್‌ಗೆ ಹೋಗಿದ್ದ ಕೂಡ. ಅದೇ ವರ್ಷ ಡಿಸೆಂಬರಿನಲ್ಲಿ ಸಿಕ್ಕಿತು ಟೆಟ್ರಾಈಥೈಲ್ ಲೆಡ್, ಅಂದ್ರೆ ಸೀಸ. ಗ್ಯಾಲನ್ನಿಗೆ ಕೆಲವೇ ಗ್ರಾಂ ಸಾಕು. ಆಲ್ಕೋಹಾಲನ್ನು ಯಾವ ರೈತ ಬೇಕಾದರೂ ಭಟ್ಟಿ ಇಳಿಸಬಹುದು, ಸೀಸದ ಬಳಕೆಗಾದರೆ ಪೇಟೆಂಟ್ ಸಿಗುತ್ತೆ. ಯಾವುದು ಗೆದ್ದಿತು ಅಂತ ಹೇಳಬೇಕಾ? 1923ರ ಫೆಬ್ರವರಿ ಮೊದಲ ವಾರ ಡೇಟನ್ನಿನ ಬಂಕಿನಲ್ಲಿ ಸೀಸದ ಪೆಟ್ರೋಲ್ ಮಾರಾಟ ಶುರುವಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಕಾರ್ಖಾನೆಯಲ್ಲಿ ಸೀಸದ ವಿಷ ಏರಿ ಐದು ಜನ ಕೆಲಸಗಾರರು ಸತ್ತರು. ಆಗ ಮಿಜ್ಲಿ ಪತ್ರಕರ್ತರ ಮುಂದೆ ಅದರಲ್ಲೇ ಕೈ ತೊಳೆದು ತೋರಿಸಿದ. ಅವನೇ ಹಿಂದಿನ ವರ್ಷ ಸೀಸದ ಕಾಯಿಲೆಯಿಂದ ರಜೆ ಹಾಕಿ ಮಲಗಿದ್ದವನು. ನಮ್ಮ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ನಾಲ್ಕು ಮಹಾನಗರಗಳಿಗೆ ಬಂದದ್ದು 1995ರಲ್ಲಿ, ದೇಶಕ್ಕೆಲ್ಲ 2000ದಲ್ಲಿ. ಪ್ರಪಂಚದಲ್ಲಿ ಕೊನೆಗೆ ನಿಲ್ಲಿಸಿದ್ದು ಅಲ್ಜೀರಿಯಾ, 2021ರಲ್ಲಿ.

ಇನ್ನು ನಮ್ಮ ಮೈಸೂರಿಗೆ ಬರೋಣ. ಕೆಟರಿಂಗನ ಅದೇ ಬ್ಯಾಟರಿ-ಕಾಯಿಲ್-ಪಾಯಿಂಟ್ ಜೋಡಿಯನ್ನೇ ಹೊತ್ತುಕೊಂಡು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕುಗಳು ಹೊರಬಂದವು, ಆಮೇಲೆ ಯೆಜ್ಡಿ ಆದವು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಚಿಕ್ಕಪ್ಪನ ಯೆಜ್ಡಿ ನೋಡುತ್ತಿದ್ದ ನಮ್ಮೂರ ಮೆಕ್ಯಾನಿಕ್ ಒಬ್ಬರು ಕಾರ್ಬುರೇಟರ್ ಮುಟ್ಟೋ ಮೊದಲು ಪಾಯಿಂಟ್ ಕವರ್ ಬಿಚ್ಚೋರು. ಯಾಕೆ ಅನ್ನೋದು ನನಗೆ ಗೊತ್ತಾಗಿದ್ದು ಬಹಳ ವರ್ಷದ ಮೇಲೆ. ಕ್ಯಾಮಿಗೆ ಉಜ್ಜೋ ಫೈಬರ್ ಹಿಮ್ಮಡಿ ದಿನದಿನವೂ ಸವೆಯುತ್ತೆ, 0.4 ಮಿಲಿಮೀಟರ್ ಇರಬೇಕಾದ ಗ್ಯಾಪ್ ಕಿರಿದಾಗುತ್ತೆ, ಪಾಯಿಂಟ್ ತಡವಾಗಿ ತೆರೆಯುತ್ತೆ, ಕಿಡಿ ತಡ. ಕಾರ್ಬುರೇಟರಿನ ಜೆಟ್ ಹಾಗೆಲ್ಲ ದಿನದಿನ ಬದಲಾಗೋ ವಸ್ತುವಲ್ಲ. ಎಳೆತ ಕಮ್ಮಿಯಾಯಿತು ಅಂತ ಗಾಡಿಯವನು ಪೆಟ್ರೋಲ್ ಹೆಚ್ಚು ಮಾಡಿದರೆ ಸ್ವಲ್ಪ ದಿನ ಸುಧಾರಿಸಿದ ಹಾಗಿರುತ್ತೆ, ಆಮೇಲೆ ಪ್ಲಗ್ ಕಪ್ಪಾಗುತ್ತೆ. ಈಗ ಒಂದಿದ್ದ ತಪ್ಪು ಎರಡು.

ಅವರ ವಿಧಾನ ಸರಳ. ಗ್ಯಾಪ್ ಸರಿಮಾಡಿ, ಪ್ಲಗ್ ತೂತಿನಿಂದ ಅಳತೆಕಡ್ಡಿ ಇಳಿಸಿ ಪಿಸ್ಟನ್ ತುದಿ ಗುರುತು ಮಾಡಿಕೊಳ್ಳೋದು. ಅಲ್ಲಿಂದ ಹೇಳಿದಷ್ಟು ಮಿಲಿಮೀಟರ್ ಹಿಂದಕ್ಕೆ ಬಂದು, ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯೋದು. ಕಾಗದ ಜಾರಿ ಬಂದ ಕ್ಷಣವೇ ಕಿಡಿಯ ಕ್ಷಣ. ಆಮೇಲೆ ಕ್ರ್ಯಾಂಕ್ ಸೀಲು, ಯಾಕಂದ್ರೆ ಟೂ ಸ್ಟ್ರೋಕಿನಲ್ಲಿ ಸೀಲು ಸವೆದರೆ ಅಲ್ಲಿಂದ ಗಾಳಿ ಎಳೆದುಕೊಂಡು ಮಿಶ್ರಣ ತೆಳುವಾಗುತ್ತೆ. ಆಮೇಲೆ ಮಸಿ ಕಟ್ಟಿದ ಸೈಲೆನ್ಸರ್. ಕಾರ್ಬುರೇಟರಿನ ಸರದಿ ಎಲ್ಲದರ ಕೊನೆಗೆ. ಹೊಸ ಬೈಕುಗಳಲ್ಲಿ ಕಿಡಿ ಮತ್ತು ಇಂಧನ ಎರಡನ್ನೂ ಒಂದೇ ಕಂಪ್ಯೂಟರ್ ನೋಡಿಕೊಳ್ಳುತ್ತೆ. ಯೆಜ್ಡಿಯಲ್ಲಿ ಆ ಕಂಪ್ಯೂಟರ್ ಅಂದ್ರೆ ಇಂಥ ಮೆಕ್ಯಾನಿಕ್ಕೇ.

ಆದರೆ ಈಗ ಈ ಸರದಿಯೇ ಬದಲಾಗಬೇಕೇನೋ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಮಿಜ್ಲಿ ಬದಿಗಿಟ್ಟ ಆಲ್ಕೋಹಾಲ್, ಸೀಸದ ಮೊದಲ ಮಾರಾಟಕ್ಕೆ ಸರಿಯಾಗಿ ನೂರು ವರ್ಷಕ್ಕೆ, ನಮ್ಮೂರಿಂದಲೇ ವಾಪಸ್! ಒಂದು ಕಿಲೋ ಪೆಟ್ರೋಲ್ ಉರಿಯೋಕೆ 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಈ ಮಿಶ್ರಣಕ್ಕೆ ಸುಮಾರು 13.5. ಹಳೇ ಜೆಟ್ಟಿಗೆ ಇದು ಗೊತ್ತಿಲ್ಲ, ಅದು ಮೊದಲಿನಷ್ಟೇ ಸುರಿಸುತ್ತೆ. ಅಂದ್ರೆ ಮಿಶ್ರಣ ಶೇಕಡ 8ರ ಹತ್ತಿರ ತೆಳು. ಟೂ ಸ್ಟ್ರೋಕ್ ಎಂಜಿನ್ ತೆಳು ಮಿಶ್ರಣದಲ್ಲಿ ಕಾದರೆ ಪಿಸ್ಟನ್ ಕಚ್ಚಿಕೊಳ್ಳೋವರೆಗೂ ಹೋಗಬಹುದು. ಟೈಮಿಂಗ್ ಎಷ್ಟು ಸರಿಯಿದ್ದರೂ ತಡವಾದ ಕಿಡಿಯದ್ದೇ ಲಕ್ಷಣ ಕಾಣಿಸುತ್ತೆ. ಹಾಗಾಗಿ ಪಾಯಿಂಟ್ ನೋಡಿ ಸರಿಯಿದ್ದ ಮೇಲೂ ಪ್ಲಗ್ ಬೆಳ್ಳಗೆ ಸುಟ್ಟಂತಿದ್ದರೆ ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿಸಿ, ಹಳೇ ರಬ್ಬರ್ ಪೈಪು ಬದಲಾಯಿಸಿ, ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಯಾದರೆ ಟ್ಯಾಂಕ್ ಖಾಲಿ ಮಾಡಿಡಿ. ಎಥನಾಲ್ ನೀರು ಹೀರುತ್ತೆ, ಆ ನೀರು ಟ್ಯಾಂಕಿನ ತಳದಲ್ಲಿ ಕೂರುತ್ತೆ.

ಅಂದ ಹಾಗೆ, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಜಾವಾನೋ ಯೆಜ್ಡಿನೋ ಇನ್ನೂ ಓಡ್ತಾ ಇದ್ದರೆ ಪ್ಲಗ್ ಬಿಚ್ಚಿ ಬಣ್ಣ ನೋಡಿ ಹೇಳ್ತೀರಾ? ಚಾಕಲೇಟ್ ಕಂದು ಇದ್ದರೆ ನಿಮ್ಮ ಮೆಕ್ಯಾನಿಕ್ಕಿಗೆ ನನ್ನದೊಂದು ನಮಸ್ಕಾರ ತಿಳಿಸಿ :)