ಕುಷ್ಠರೋಗ ಚಿಕಿತ್ಸೆಯೂ ಸಾಮಾಜಿಕ ಬಹಿಷ್ಕಾರವೂ

ರೋಗಿಗೂ ಔಷಧಕ್ಕೂ ನಡುವಣ ಅಂತರವನ್ನು ಹರದಾರಿಗಳಿಂದ ಮಾತ್ರ ಅಳೆಯಲಾಗದು. ಆಸ್ಪತ್ರೆಯು ಸಮೀಪದಲ್ಲಿದ್ದು, ಔಷಧವು ಉಚಿತವಾಗಿ ದೊರೆಯುವಂತಿದ್ದರೂ ರೋಗಿಯು ಅಲ್ಲಿಗೆ ಹೋಗಲಾರದ ಸಂದರ್ಭಗಳುಂಟು. ಭಾರತದಲ್ಲಿ ಕುಷ್ಠರೋಗದ ಚರಿತ್ರೆಯು ಇದಕ್ಕೆ ಸ್ಪಷ್ಟ ನಿದರ್ಶನ.

ಕುಷ್ಠವು ಪೂರ್ವಜನ್ಮದ ಪಾಪಫಲವೆಂಬ ನಂಬಿಕೆಯು ಈ ನೆಲದಲ್ಲಿ ಬಹುಕಾಲದಿಂದ ಬೇರೂರಿತ್ತು. ಅದು ವಂಶಪಾರಂಪರ್ಯವಾಗಿ ಬರುವುದೆಂದೂ ಅನೇಕರು ತಿಳಿದಿದ್ದರು. 1873ರಲ್ಲಿ ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್‌ರವರು ರೋಗಕಾರಕವಾದ ಸೂಕ್ಷ್ಮಾಣುವನ್ನು ಕಂಡುಹಿಡಿದ ಮೇಲೆ ಈ ಎರಡು ಭಾವನೆಗಳಿಗೂ ಆಧಾರ ತಪ್ಪಿತು. ಆದರೆ ಪಾಪಭೀತಿಯ ಜೊತೆಗೆ ಈಗ ಸೋಂಕಿನ ಭೀತಿಯೂ ಸೇರಿಕೊಂಡಿತು.

ಆ ಭೀತಿಯ ಫಲವೇ ಬ್ರಿಟಿಷ್ ಭಾರತದಲ್ಲಿ ಜಾರಿಗೆ ಬಂದ 1898ರ ಕುಷ್ಠರೋಗಿಗಳ ಅಧಿನಿಯಮ. ಅದರ ಪ್ರಕಾರ, ಭಿಕ್ಷೆ ಬೇಡುವ ಅಥವಾ ಜೀವನೋಪಾಯವಿಲ್ಲದ ರೋಗಿಯನ್ನು ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾಗಿತ್ತು. ಪರೀಕ್ಷೆಯ ತರುವಾಯ ಅವನನ್ನು ಕುಷ್ಠಧಾಮದಲ್ಲಿ ಇರಿಸಬಹುದಾಗಿತ್ತು. ಸಾರ್ವಜನಿಕ ಬಾವಿ ಕೆರೆಗಳ ಬಳಕೆ, ಬಾಡಿಗೆ ಗಾಡಿಯ ಪ್ರಯಾಣ, ಆಹಾರ ಪದಾರ್ಥಗಳ ಮಾರಾಟ ಇವುಗಳನ್ನು ರೋಗಿಗಳಿಗೆ ನಿಷೇಧಿಸುವ ಅಧಿಕಾರವೂ ಸರ್ಕಾರಕ್ಕಿತ್ತು. ಗಮನಾರ್ಹವಾದ ಸಂಗತಿಯೆಂದರೆ, ಮನೆಯೂ ಆದಾಯವೂ ಉಳ್ಳ ರೋಗಿಗೆ ಈ ಬಂಧನವಿರಲಿಲ್ಲ. ರೋಗವು ಒಂದೇ ಆಗಿದ್ದರೂ ಸೆರೆ ಬಡವನ ಪಾಲಿಗೆ ಮಾತ್ರ ಬಂದಿತು. ಇಂಥ ಕಾನೂನಿಗೆ ಅಂಜಿದವರು ರೋಗವನ್ನು ಬಚ್ಚಿಟ್ಟುಕೊಂಡರೆ ಅಚ್ಚರಿಯೇನೂ ಇಲ್ಲ.

1940ರ ದಶಕದಲ್ಲಿ ಡ್ಯಾಪ್ಸೋನ್ ವರ್ಗದ ಔಷಧಗಳು ಬಳಕೆಗೆ ಬಂದವು. ಚೆಂಗಲ್ಪಟ್ಟಿನಲ್ಲಿ ರಾಬರ್ಟ್ ಕಾಕ್ರೇನ್‌ರವರು ಅವುಗಳ ಪ್ರಯೋಗ ನಡೆಸಿದರು. ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್‌ರವರು, ಸ್ಪರ್ಶಜ್ಞಾನ ಹೋದ ಕೈಕಾಲುಗಳಿಗೆ ಅರಿವಿಲ್ಲದೆ ಆಗುವ ಗಾಯಗಳೇ ಅಂಗನಾಶಕ್ಕೆ ಮುಖ್ಯ ಕಾರಣವೆಂದು ತೋರಿಸಿ, ಮುರುಟಿದ ಬೆರಳುಗಳಿಗೆ ಶಸ್ತ್ರಚಿಕಿತ್ಸೆಯಿಂದ ಚಲನೆ ತಂದರು. 1955ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. ಆದರೆ ಅದೇ ವರ್ಷದ ಹಿಂದೂ ವಿವಾಹ ಅಧಿನಿಯಮವು ವಾಸಿಯಾಗದ ಉಗ್ರ ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವೆಂದು ಅಂಗೀಕರಿಸಿತು. ಪತಿಗೃಹದಲ್ಲಿರುವ ಸ್ತ್ರೀಗೆ ತನ್ನ ಮೈಮೇಲಿನ ಮಚ್ಚೆಯನ್ನು ವೈದ್ಯರಿಗೆ ತೋರಿಸುವುದೆಂದರೆ ನೆಲೆ ತಪ್ಪುವ ಅಪಾಯವನ್ನು ಆಹ್ವಾನಿಸಿದಂತೆಯೇ ಆಯಿತು.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿದರು. 1983ರಲ್ಲಿ ಭಾರತದಲ್ಲಿ ಹತ್ತು ಸಾವಿರ ಜನರಿಗೆ ಸುಮಾರು 58ರಷ್ಟಿದ್ದ ರೋಗಿಗಳ ಪ್ರಮಾಣವು 2005ರ ಡಿಸೆಂಬರ್ ವೇಳೆಗೆ ಒಂದಕ್ಕಿಂತಲೂ ಕೆಳಗಿಳಿಯಿತು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ವಿಜ್ಞಾನದ ಈ ವೇಗವು ಕಾನೂನಿಗೆ ಬರಲಿಲ್ಲ. 1898ರ ಅಧಿನಿಯಮವು ರದ್ದಾದುದು 2016ರಲ್ಲಿ. ವಿಚ್ಛೇದನದ ಕಾರಣಗಳಿಂದ ಕುಷ್ಠವನ್ನು ಕೈಬಿಟ್ಟುದು 2019ರಲ್ಲಿ. ಖಚಿತವಾದ ಚಿಕಿತ್ಸೆ ದೊರೆತು ಮೂರು ದಶಕಗಳು ಕಳೆದ ಮೇಲೂ ರೋಗಿಯು ಶಾಸನದ ಕಣ್ಣಿನಲ್ಲಿ ಬಹಿಷ್ಕೃತನಾಗಿಯೇ ಉಳಿದಿದ್ದನು.

2022–23ರಲ್ಲಿಯೂ ದೇಶದಲ್ಲಿ ಒಂದು ಲಕ್ಷಕ್ಕೂ ಮಿಗಿಲಾಗಿ ಹೊಸ ರೋಗಿಗಳು ಪತ್ತೆಯಾದರು. ಇಂಥವರಲ್ಲಿ ಕೆಲವರು ಅಂಗವಿಕಲತೆ ಕಾಣಿಸಿಕೊಂಡ ಮೇಲೆ ಚಿಕಿತ್ಸೆಗೆ ಬರುತ್ತಾರೆ. ಆರರಿಂದ ಹನ್ನೆರಡು ತಿಂಗಳ ಉಚಿತ ಚಿಕಿತ್ಸೆಯಿಂದ ಗುಣವಾಗುವ ರೋಗದಲ್ಲಿ ಹೀಗಾಗುವುದಕ್ಕೆ ಬಡತನ, ಅಜ್ಞಾನಗಳೊಡನೆ ನೆರೆಹೊರೆಯ ಭಯವೂ ಕಾರಣವಾಗಿದೆ. ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ರೋಗವು ಹರಡುವುದು ನಿಲ್ಲುವುದರಿಂದ ರೋಗಿಯನ್ನು ದೂರವಿಡಲು ಕಾರಣವಿಲ್ಲ. ಸ್ಪರ್ಶವರಿಯದ ಮಚ್ಚೆಯೊಂದು ಕಂಡೊಡನೆ ಅದನ್ನು ನಿರ್ಭಯವಾಗಿ ತೋರಿಸಬಲ್ಲ ಮನೆ, ತೋರಿಸಿದವನನ್ನು ಪಂಕ್ತಿಯಿಂದ ಎಬ್ಬಿಸದ ಊರು, ಇವೆರಡೂ ಇದ್ದಲ್ಲಿ ಮಾತ್ರ ಔಷಧವು ಸಕಾಲದಲ್ಲಿ ರೋಗಿಯನ್ನು ತಲಪೀತು.