ಹವಿಯರ್ ಝನೆಟ್ಟಿ: ಗಾರೆ ಕೆಲಸದಿಂದ ಇಂಟರ್ ಮಿಲಾನ್ ನಾಯಕತ್ವದವರೆಗೆ

ಹವಿಯರ್ ಝನೆಟ್ಟಿ ಅರ್ಜೆಂಟೀನಾದ ನಿವೃತ್ತ ಅಂತಾರಾಷ್ಟ್ರೀಯ ಫುಟ್‌ಬಾಲ್ ಆಟಗಾರರು. ರಕ್ಷಣಾ ವಿಭಾಗದಲ್ಲಿ, ಹೆಚ್ಚಾಗಿ ರೈಟ್ ಬ್ಯಾಕ್ ಸ್ಥಾನದಲ್ಲಿ ಆಡಿದವರು. ಇಟಲಿಯ ಇಂಟರ್ ಮಿಲಾನ್ ಕ್ಲಬ್ಬಿನ ಪರವಾಗಿ 1995ರಿಂದ 2014ರವರೆಗೆ 858 ಪಂದ್ಯಗಳನ್ನಾಡಿದರು. ಆ ಕ್ಲಬ್ಬಿಗೆ ಇಷ್ಟು ಪಂದ್ಯಗಳನ್ನಾಡಿದವರು ಬೇರೆ ಯಾರೂ ಇಲ್ಲ. ಹವಿಯರ್ ಎಂದರೆ ಬೇರೇನಲ್ಲ, ನಮ್ಮ ಮನೆಗಳಲ್ಲಿ ಮಕ್ಕಳಿಗೆ ಇಡುವ ಝೇವಿಯರ್ ಎಂಬ ಹೆಸರಿನ ಸ್ಪ್ಯಾನಿಷ್ ರೂಪ.

ಜನನ 1973ರ ಆಗಸ್ಟ್ 10ರಂದು, ಬ್ಯೂನಸ್ ಐರಿಸ್‌ನಲ್ಲಿ. ಬೆಳೆದದ್ದು ನಗರದ ದಕ್ಷಿಣಕ್ಕೆ, ಬಂದರಿನ ಪಕ್ಕದ ದೋಕ್ ಸುದ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ತಂದೆ ಗಾರೆ ಕೆಲಸದ ಮೇಸ್ತ್ರಿ, ತಾಯಿ ಶುಚಿಗೊಳಿಸುವ ಕೆಲಸಕ್ಕೆ ಹೋಗುತ್ತಿದ್ದರು. ಬಾಲಕ ಹವಿಯರ್ ಊರಿನ ದೊಡ್ಡ ಕ್ಲಬ್ ಇಂಡಿಪೆಂಡಿಯೆಂತೆಯ ಕಿರಿಯರ ತಂಡದಲ್ಲಿ ಆಡುತ್ತಿದ್ದ. ಆದರೆ ಮೈಕಟ್ಟು ಸಾಲದು, ತೀರಾ ಸಣಕಲು ಎಂಬ ಕಾರಣಕ್ಕೆ ಅಲ್ಲಿಂದ ಕೈಬಿಟ್ಟರು. ಆಮೇಲೆ ಕೆಲವು ಕಾಲ ಆಟವೇ ನಿಂತಿತು. ತಂದೆಯ ಜೊತೆ ಕಟ್ಟಡ ಕೆಲಸ, ನಸುಕಿಗೆ ಎದ್ದು ಮನೆಮನೆಗೆ ಹಾಲು ಹಾಕುವ ಕೆಲಸ ಮಾಡಿದ. ಈ ಹುಡುಗನನ್ನು ಮತ್ತೆ ಸೇರಿಸಿಕೊಂಡದ್ದು ಎರಡನೇ ದರ್ಜೆಯ ಪುಟ್ಟ ಕ್ಲಬ್ಬು, ರೆಮೆಡಿಯೋಸ್ ದೆ ಎಸ್ಕಲಾದ ಎಂಬಲ್ಲಿನ ಟಾಯೆರೆಸ್. 1993ರಲ್ಲಿ ಅಲ್ಲಿಂದ ಬಾನ್‌ಫೀಲ್ಡ್ ಕ್ಲಬ್ಬಿಗೆ, 1994ರ ನವೆಂಬರ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ.

1995ರಲ್ಲಿ ಮಸ್ಸಿಮೊ ಮೊರಾಟ್ಟಿಯವರು ಇಂಟರ್ ಕ್ಲಬ್ಬಿನ ಒಡೆತನ ವಹಿಸಿಕೊಂಡು ಅರ್ಜೆಂಟೀನಾದಿಂದ ಇಬ್ಬರನ್ನು ಕರೆಸಿದರು. ಪತ್ರಕರ್ತರ ಕಣ್ಣೆಲ್ಲ ಮುನ್ಪಡೆ ಆಟಗಾರ ಸೆಬಾಸ್ಟಿಯನ್ ರಾಂಬೆರ್ಟ್ ಮೇಲಿತ್ತು. ರಾಂಬೆರ್ಟ್ ಇಟಲಿಯ ಲೀಗಿನಲ್ಲಿ ಇಂಟರ್ ಪರ ಒಂದು ಪಂದ್ಯವನ್ನೂ ಆಡದೆ ಹೊರಟುಹೋದರು. ಹೆಸರಿಲ್ಲದೆ ಬಂದ ಇನ್ನೊಬ್ಬರು 19 ಋತುಗಳ ಕಾಲ ಉಳಿದರು. ಅದರಲ್ಲಿ ಹದಿನೈದರಷ್ಟು ವರ್ಷ ನಾಯಕರಾಗಿ.

ಪ್ರಶಸ್ತಿಗಳ ಪಟ್ಟಿ ಉದ್ದವಿದೆ. ಇಟಲಿಯ ಲೀಗ್ 5 ಬಾರಿ, ಇಟಾಲಿಯನ್ ಕಪ್ 4 ಬಾರಿ, 1998ರ ಯುಇಎಫ್‌ಎ ಕಪ್ (ಲಾಝಿಯೊ ವಿರುದ್ಧದ ಫೈನಲ್‌ನಲ್ಲಿ ಒಂದು ಗೋಲು ಇವರದೇ), ಮತ್ತು 2010ರ ಚಾಂಪಿಯನ್ಸ್ ಲೀಗ್. ಆ ವರ್ಷ ಒಂದೇ ಋತುವಿನಲ್ಲಿ ಲೀಗ್, ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದ ಮೊದಲ ಇಟಾಲಿಯನ್ ಕ್ಲಬ್ ಇಂಟರ್. ಆದರೆ ಈ ಆಟಗಾರನನ್ನು ಅಳೆಯಲು ಇನ್ನೊಂದು ಲೆಕ್ಕ ಹೆಚ್ಚು ಉಪಯುಕ್ತ. ಎದುರಾಳಿಯನ್ನು ತಡೆಯುವುದೇ ರಕ್ಷಣಾ ಆಟಗಾರನ ಕಸುಬು. ಕಾಲಿಗೆ ಕಾಲು ತಾಗದೆ ಅದು ಆಗದು. ಅಂಥ ಸ್ಥಾನದಲ್ಲಿ 858 ಪಂದ್ಯ ಆಡಿ ಕೆಂಪು ಕಾರ್ಡ್ ಪಡೆದದ್ದು ಎರಡೇ ಸಲ: 1999ರಲ್ಲೊಮ್ಮೆ, 2011ರಲ್ಲೊಮ್ಮೆ. ಅಭ್ಯಾಸವನ್ನು ಎಂದೂ ತಪ್ಪಿಸುತ್ತಿರಲಿಲ್ಲ. ಮದುವೆಯ ದಿನವೂ ಸಮಯ ಮಾಡಿಕೊಂಡು ಓಡಿ ಬಂದುದನ್ನು ಅವರೇ ಹೇಳಿಕೊಂಡಿದ್ದಾರೆ. ಇದನ್ನು ಎಲ್ಲ ವರರಿಗೂ ಶಿಫಾರಸು ಮಾಡುವಂತಿಲ್ಲ.

ದೇಶದ ತಂಡದಲ್ಲಿ ಮಾತ್ರ ಭಾಗ್ಯ ಒಲಿಯಲಿಲ್ಲ. 1998 ಮತ್ತು 2002ರ ವಿಶ್ವಕಪ್‌ಗಳಲ್ಲಿ ಆಡಿದರು. 1998ರಲ್ಲಿ ಇಂಗ್ಲೆಂಡ್ ವಿರುದ್ಧ ಫ್ರೀ ಕಿಕ್‌ನಿಂದ ಬಂದ ಚೆಂಡನ್ನು ಗೋಲಾಗಿಸಿ ಪಂದ್ಯವನ್ನು 2-2ಕ್ಕೆ ತಂದದ್ದು ಇವರೇ. ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಗೆದ್ದಿತು. 2006ರಲ್ಲಿ ತರಬೇತುದಾರ ಹೊಸೆ ಪೆಕರ್‌ಮನ್ ಇವರನ್ನು ಕೈಬಿಟ್ಟರು. ಆ ತಂಡಕ್ಕೆ ಆಯ್ಕೆಯಾದ ರೈಟ್ ಬ್ಯಾಕ್ ಲಿಯೊನೆಲ್ ಸ್ಕಲೋನಿ; 2022ರಲ್ಲಿ ಅರ್ಜೆಂಟೀನಾ ವಿಶ್ವಕಪ್ ಗೆದ್ದಾಗ ತರಬೇತುದಾರರಾಗಿದ್ದವರು ಅವರೇ. 2010ರಲ್ಲಿ ಡಿಯೆಗೊ ಮರಡೋನಾ ಕೂಡ ಪಟ್ಟಿಯಿಂದ ಹೊರಗಿಟ್ಟರು. ಅದೂ ಎಂಥ ಹೊತ್ತಿನಲ್ಲಿ! ಆ ಮೇ 22ರಂದು ಮ್ಯಾಡ್ರಿಡ್‌ನಲ್ಲಿ, ಇಂಟರ್ ಪರ ತಮ್ಮ 700ನೇ ಪಂದ್ಯದಲ್ಲಿ, ಯೂರೋಪಿನ ಅತ್ಯುನ್ನತ ಕಪ್ಪನ್ನು ಎತ್ತಿಹಿಡಿದ ನಾಯಕನಿಗೆ ಮುಂದಿನ ತಿಂಗಳ ವಿಶ್ವಕಪ್‌ನಲ್ಲಿ ಜಾಗವಿರಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ ಜರ್ಮನಿಗೆ 0-4ರಿಂದ ಸೋತಿತು. ಮರಡೋನಾ ಮಾಡಿದ್ದು ಸರಿಯಲ್ಲವೆಂದೇ ಈ ಬರಹಗಾರನ ಅಭಿಪ್ರಾಯ. ಝನೆಟ್ಟಿ ಆಮೇಲೆ ಮತ್ತೆ ದೇಶದ ತಂಡಕ್ಕೆ ಆಡಿದರು. ಅರ್ಜೆಂಟೀನಾದ ಲೆಕ್ಕದಂತೆ ಒಟ್ಟು 145 ಪಂದ್ಯಗಳು. ಅದು ಆಗಿನ ದಾಖಲೆಯಾಗಿತ್ತು. ಮುಂದೆ ಮಾಸ್ಚೆರಾನೊ, ಬಳಿಕ ಮೆಸ್ಸಿ ಅದನ್ನು ದಾಟಿದರು.

2013ರ ಏಪ್ರಿಲ್‌ನಲ್ಲಿ ಪಲೆರ್ಮೊ ವಿರುದ್ಧ ಆಡುವಾಗ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿಯಿತು. ವಯಸ್ಸು 39. ಇನ್ನು ಮುಗಿಯಿತೆಂದು ಹಲವರು ಭಾವಿಸಿದ್ದರು, ಆದರೆ ನವೆಂಬರ್‌ನಲ್ಲೇ ಮೈದಾನಕ್ಕೆ ಮರಳಿದರು. 2014ರ ಮೇ ತಿಂಗಳಲ್ಲಿ ನಿವೃತ್ತಿ. ಅವರ 4ನೇ ನಂಬರಿನ ಅಂಗಿಯನ್ನು ಕ್ಲಬ್ ಬೇರೆಯವರಿಗೆ ಕೊಡದಿರಲು ತೀರ್ಮಾನಿಸಿತು, ಅವರನ್ನು ಉಪಾಧ್ಯಕ್ಷರನ್ನಾಗಿ ಮಾಡಿತು.

2001ರಲ್ಲಿ ಅರ್ಜೆಂಟೀನಾದ ಆರ್ಥಿಕತೆ ಕುಸಿದು ಕುಟುಂಬಗಳು ಬೀದಿಗೆ ಬಿದ್ದಾಗ, ಝನೆಟ್ಟಿ ಮತ್ತು ಪತ್ನಿ ಪೌಲಾ ಬಡ ಮಕ್ಕಳಿಗಾಗಿ ಪುಪಿ ಎಂಬ ಪ್ರತಿಷ್ಠಾನವನ್ನು ಆರಂಭಿಸಿದರು. ಪುಪಿ ಎಂಬುದು ಝನೆಟ್ಟಿಯವರ ಅಡ್ಡಹೆಸರು. ಟಾಯೆರೆಸ್ ಕ್ಲಬ್ ಇರುವ ರೆಮೆಡಿಯೋಸ್ ದೆ ಎಸ್ಕಲಾದದಲ್ಲೇ ಅದರ ಕೇಂದ್ರವಿದೆ. ಮಕ್ಕಳ ಊಟ, ಆರೋಗ್ಯ, ಶಾಲೆ ಇವುಗಳ ಜೊತೆಗೆ ಹೆತ್ತವರನ್ನೂ ಸೇರಿಸಿಕೊಂಡು ಕೆಲಸ ಮಾಡುವುದು ಅದರ ಕ್ರಮ.

ಧರ್ಮಶ್ರದ್ಧೆಯುಳ್ಳ ಕಥೋಲಿಕರಾದ ಝನೆಟ್ಟಿ, ತಮ್ಮ ದೇಶದವರೇ ಆದ ಪೋಪ್ ಫ್ರಾನ್ಸಿಸ್‌ರನ್ನು ಭೇಟಿಯಾದಾಗ, ಬೇರೆಬೇರೆ ಧರ್ಮದ ಆಟಗಾರರು ಒಟ್ಟಾಗಿ ಆಡುವ ಶಾಂತಿಯ ಪಂದ್ಯವೊಂದರ ಬಯಕೆಯನ್ನು ಪೋಪ್ ತಿಳಿಸಿದ್ದರು. ಅದು 2014ರ ಸೆಪ್ಟೆಂಬರ್ 1ರಂದು ರೋಮಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆಯಿತು. ಆಗ ಗಾಝಾದಲ್ಲಿ ಕದನವಿರಾಮವಾಗಿ ವಾರವೂ ತುಂಬಿರಲಿಲ್ಲ. ಬೌದ್ಧಧರ್ಮ ಪಾಲಿಸುವ ರಾಬರ್ಟೊ ಬಾಜ್ಜೊ, ಇಸ್ರೇಲಿನ ಯೋಸ್ಸಿ ಬೆನಾಯೂನ್ ಆಡಿದರು. ನಾಲ್ಕು ವರ್ಷ ಹಿಂದೆ ಝನೆಟ್ಟಿಯವರನ್ನು ಪಟ್ಟಿಯಿಂದ ಬಿಟ್ಟಿದ್ದ ಮರಡೋನಾ ಕೂಡ ಆ ಸಂಜೆ ಮೈದಾನದಲ್ಲಿದ್ದರು. ಸಂಗ್ರಹವಾದ ಹಣ ಪುಪಿಗೂ, ಪೋಪರ ಪ್ರೋತ್ಸಾಹದಲ್ಲಿ ಶಾಲಾ ಮಕ್ಕಳಿಗಾಗಿ ಕೆಲಸ ಮಾಡುವ ಸ್ಕೋಲಾಸ್ ಒಕ್ಕುರೆಂತೆಸ್ ಸಂಸ್ಥೆಗೂ ಹೋಯಿತು.